ನಾಲ್ಕೂ ಗಾಲಿ ತಿರುಗ್ತಾವ್ರೀ, ಆದ್ರ ಮ್ಯಾಲೆ ತೂತಿಲ್ಲ!

ಇವತ್ತು ರವಿವಾರ. ಬೆಳಗ್ಗೆ ಒಂಬತ್ತಕ್ಕೆ ಗೋಕಾಕ ಕಡೆಯಿಂದ ಐದು ಜನ ಮಾರಲು ಇಟ್ಟ ನಮ್ಮ ಟಾಟಾ ಹೆಕ್ಸಾ ಗಾಡಿ ನೋಡಲು ಬಂದರು, ಹತ್ತೂವರೆಗೆ ಹೋದರು. ಆ ಒಂದೂವರೆ ತಾಸಿನಲ್ಲಿ ಗಾಡಿ ಗೇಟಿನ ಹೊರಗೆ ಓಡಿದ್ದು ಬರೀ ನಾಲ್ಕು ನಿಮಿಷ. ಉಳಿದ ಹೊತ್ತು ಏನು ಮಾಡಿದರು ಅಂತ ಯಾರಿಗಾದರೂ ಹೇಳದಿದ್ದರೆ ನನಗೆ ಮಧ್ಯಾಹ್ನದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ.

ಹಿರಿಯರೊಬ್ಬರು ಟಯರ್‌ಗೆ ಎರಡು ಸಲ ಒದ್ದರು. ಯಾಕೆ ಒದೆಯುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಇನ್ನೊಬ್ಬರು ಬಾನೆಟ್ ಮೇಲೆ ಕೈ ಇಟ್ಟು ಜ್ವರ ನೋಡಿದರು. ಅವರ ಹುಡುಗ, ಇಪ್ಪತ್ತೆರಡು ಇರಬಹುದು, ಡ್ರೈವರ್ ಸೀಟಿನಲ್ಲಿ ಕೂತು ಮೇಲೆ ನೋಡತೊಡಗಿದ. ತಲೆ ಮೇಲಿನ ಲೈಟಿನ ಬಟನ್ ಒತ್ತಿದ. ಲೈಟ್ ಹತ್ತಿತು. ಮತ್ತೆ ಒತ್ತಿದ. ಆರಿತು. ಮೂರನೇ ಸಲವೂ ಒತ್ತಿದ. ಆಮೇಲೆ ಅಲ್ಲಿಯ ಬಟ್ಟೆಯನ್ನು ಎರಡು ಬೆರಳಿನಿಂದ ತಟ್ಟಿ ನೋಡಿದ, ಕಲ್ಲಂಗಡಿ ಹಣ್ಣಾಗಿದೆಯೋ ಇಲ್ಲವೋ ಅಂತ ತಟ್ಟುತ್ತಾರಲ್ಲ, ಹಾಗೆ.

"ಅಂಕಲ್, ಸನ್‌ರೂಫ್ ಎಲ್ಲಿಂದ ತಗೀಬೇಕ್ರಿ?"

"ಇದಕ್ಕ ಸನ್‌ರೂಫ್ ಇಲ್ಲಪ್ಪಾ."

ಸನ್‌ರೂಫ್ ಅಂದರೆ ಗಾಡಿಯ ಚಾವಣಿಯಲ್ಲಿ ತೆರೆಯುವ ಗಾಜಿನ ಕಿಟಕಿ. ಅದು ಇಲ್ಲ ಅಂದಾಗ ಅವನ ಮುಖ ನೀವು ನೋಡಬೇಕಿತ್ತು. ಎಂಜಿನ್ ಇಲ್ಲ ಅಂದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ. ಇಳಿದು ಹೋಗಿ ಹಿರಿಯರ ಕಿವಿಯಲ್ಲಿ ಏನೋ ಹೇಳಿದ. ಅಲ್ಲಿಗೆ ವ್ಯವಹಾರ ಮುಗಿಯಿತು. ಆದರೂ ಚಹಾ ಕುಡಿದು, ಅವಲಕ್ಕಿ ತಿಂದು, "ಒಂದ್ ಮಾತ್ ಲಾಸ್ಟ್ ಹೇಳಿಬಿಡ್ರಿ ಸರ್" ಅಂದರು. ಒಂಬತ್ತು ಲಕ್ಷ ಅಂದಿದ್ದೆ, ಎಂಟೂವರೆಗೆ ಇಳಿದೆ. ಅವರು ಆರಕ್ಕೆ ಕೇಳಿದರು. ಯಾಕ್ರೀ ಆರು? ಕಾರಣ ಕೇಳಿ: "ಮ್ಯಾನುವಲ್ ಐತಿ, ಅದರಾಗ ಫೋರ್ ಬೈ ಫೋರ್ ಬ್ಯಾರೆ. ಖರ್ಚ್ ಭಾಳ. ಮತ್ತ ಸನ್‌ರೂಫೂ ಇಲ್ಲಲ್ರೀ."

ನಾಲ್ಕೂ ಗಾಲಿಗೆ ಎಂಜಿನ್ನಿನ ಜೋರು ಹೋಗುವ ಈ ಫೋರ್ ಬೈ ಫೋರ್‌ಗೆ ಅಂತಲೇ ನಾನು ದುಡ್ಡು ಜಾಸ್ತಿ ಕೊಟ್ಟು ತಂದಿದ್ದೆ, ಅದೇ ಈಗ ಗಾಡಿಯ ಐಬು!

ನಮ್ಮ ಆನೆ ನಿಮಗೆಲ್ಲ ಗೊತ್ತು. ಇದನ್ನು ಓದುತ್ತಿರುವವರಲ್ಲಿ ಅರ್ಧ ಜನ ಅದರ ಮೂರನೇ ಸಾಲಿನಲ್ಲಿ ಮಂಡಿ ಮಡಚಿ ಕೂತು ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿದ್ದೀರಿ, ನನ್ನ ಡೀಸೆಲ್‌ನಲ್ಲಿ. ಟಾಟಾ ಹೆಕ್ಸಾ, 2018ರ ಪಾಸಿಂಗ್, ಕೆಎ-22, ಫಸ್ಟ್ ಓನರ್. 2017ರ ಜನವರಿಯಲ್ಲಿ ಈ ಗಾಡಿ ಮಾರ್ಕೆಟ್‌ಗೆ ಬಂದಾಗ ಫೋರ್ ಬೈ ಫೋರ್ ಬೇಕಂದರೆ ಮ್ಯಾನುವಲ್ಲನ್ನೇ ತಗೋಬೇಕಿತ್ತು. ಆಟೋಮ್ಯಾಟಿಕ್ ಬೇಕಂದವರಿಗೆ ಫೋರ್ ಬೈ ಫೋರ್ ಸಿಗುತ್ತಿರಲಿಲ್ಲ. 2020ರ ಏಪ್ರಿಲ್‌ನಲ್ಲಿ ಗಾಡಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು, ಹೆಕ್ಸಾ ನಿಂತುಹೋಯಿತು. ಅಂದರೆ ಇವತ್ತು ನಿಮಗೆ ಇದು ಹೊಸದು ಬೇಕಂದರೂ ಸಿಗುವುದಿಲ್ಲ. ಬೇರೆ ಯಾವುದೇ ಸಾಮಾನಾಗಿದ್ದರೆ ಇದಕ್ಕೆ ರೇಟು ಏರುತ್ತಿತ್ತು. ಗಾಡಿಗೆ ಮಾತ್ರ "ಕಂಪನಿಯವ್ರ ಬಂದ್ ಮಾಡ್ಯಾರ, ಮತ್ಯಾಕ ಬೇಕ್ರಿ" ಅಂತ ಇಳಿಯುತ್ತದೆ.

ಎರಡು ತಿಂಗಳಲ್ಲಿ ಹದಿನಾಲ್ಕು ಕಡೆಯವರು ಬಂದು ನೋಡಿ ಹೋಗಿದ್ದಾರೆ. ಎಲ್ಲರ ಮೊದಲ ಪ್ರಶ್ನೆ "ಆವರೇಜ್ ಎಷ್ಟ್ ಕೊಡತೈತ್ರಿ?" ಎರಡು ಟನ್ ದಾಟಿದ ಗಾಡಿ, ಹನ್ನೊಂದು ಹನ್ನೆರಡು ಕೊಡುತ್ತದೆ, ಸುಳ್ಳು ಯಾಕೆ ಹೇಳಲಿ. ಎರಡನೇ ಪ್ರಶ್ನೆ ಸನ್‌ರೂಫ್. ಮೂರನೆಯದು "ಸ್ಕ್ರೀನ್ ಇಷ್ಟ ಸಣ್ಣದೇನ್ರಿ?" ಮುಂದಿನ ಆಕ್ಸೆಲ್‌ಗೆ ಜೋರು ಹೇಗೆ ಹೋಗುತ್ತದೆ, ಆಯಿಲ್ ಯಾವಾಗ ಬದಲಿಸಿದಿರಿ, ಗೇರ್ ಹತ್ತಿರದ ಗುಬ್ಬಿ (ನಾಬ್) ತಿರುವಿದರೆ ಏನಾಗುತ್ತದೆ? ಒಬ್ಬನಾದರೂ ಕೇಳಬೇಕಲ್ಲ!

ಕೇಳದಿದ್ದರೂ ಹೇಳುತ್ತೇನೆ, ನನ್ನ ಗೋಡೆ, ನನ್ನಿಷ್ಟ. ಸುಮ್ನೆ ಹೈವೇ ಮೇಲೆ ಹೋಗುವಾಗ ಹಿಂದಿನ ಎರಡು ಗಾಲಿಗಳೇ ಗಾಡಿ ನೂಕುತ್ತವೆ. ಅವು ಜಾರತೊಡಗಿದವು ಅಂತ ಗಾಡಿಗೆ ಗೊತ್ತಾದರೆ, ಒಳಗಿರುವ ಕಪ್ಲಿಂಗ್ ಬಿಗಿಯಾಗಿ ಜೋರಿನ ಒಂದು ಪಾಲು ಮುಂದಿನ ಗಾಲಿಗಳಿಗೂ ಹೋಗುತ್ತದೆ. ಗೇರ್ ಹತ್ತಿರ ಒಂದು ದುಂಡನೆ ಗುಬ್ಬಿ ಇದೆ, ಕೆಸರಿಗೆ ಅದನ್ನು ರಫ್ ರೋಡ್‌ಗೆ ತಿರುವಬೇಕು. ಇದಕ್ಕೆ ನಾಲ್ಕೂ ಟಯರ್ ಒಂದೇ ಸಲ ಬದಲಿಸಬೇಕು. ಎರಡು ಹೊಸದು, ಎರಡು ಸವೆದದ್ದು ಅಂದರೆ ಗಾಲಿಗಳ ಸುತ್ತಳತೆ ಬೇರೆಬೇರೆಯಾಗಿ ಆ ಕಪ್ಲಿಂಗ್ ಸುಮ್ಮಸುಮ್ಮನೆ ದುಡಿದು ಬಿಸಿಯಾಗುತ್ತದೆ. ಹೋದ ವರ್ಷ ನಾಲ್ಕೂ ಹೊಸದು ಹಾಕಿಸಿದೆ, ಹತ್ತೊಂಬತ್ತು ಇಂಚಿನವು. ಬಿಲ್ ನೋಡಿ ನನ್ನ ಹೆಂಡತಿ ಎರಡು ದಿನ ಮಾತಾಡಲಿಲ್ಲ. ಆ ಬಿಲ್ಲು, ಗೇರ್ ಆಯಿಲ್‌ನ ಬಿಲ್ಲು, ಎಲ್ಲವೂ ಒಂದು ಫೈಲಿನಲ್ಲಿ ತಾರೀಖಿನ ಪ್ರಕಾರ ಇವೆ. ಇವತ್ತು ಬಂದ ಹಿರಿಯರು ಆ ಫೈಲಿನ ಮೇಲೆ ಚಹಾದ ಕಪ್ಪು ಇಟ್ಟರು.

ಈಗ 2019ರ ಆಗಸ್ಟ್. ಆ ವಾರ ಯಾರು ಮರೆತೀರಿ? ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಏರಿದ್ದವು. ರಾಮದುರ್ಗ ತಾಲೂಕಿನಲ್ಲಿ ನಮ್ಮ ದೊಡ್ಡವ್ವನ ಊರು, ಹೊಳಿ ದಂಡೆಗೆ. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾರ ಅಂತ ಸಂಜೆ ಫೋನ್ ಬಂತು. ಹೋದೆ. ಊರಿಗೆ ಹೋಗುವ ಡಾಂಬರು ರಸ್ತೆ ಮೇಲೆ ಆಗಲೇ ನೀರು ಹರಿಯುತ್ತಿತ್ತು, ಅಲ್ಲಿ ನಾನು ಇಳಿಯಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಫೋರ್ ಬೈ ಫೋರ್ ಅಂದರೆ ದೋಣಿ ಅಂದುಕೊಂಡ ಹುಚ್ಚರೂ ಇದ್ದಾರೆ. ಹರಿಯುವ ನೀರಿಗೆ ನಿಮ್ಮ ಗಾಲಿ ನಾಲ್ಕಿವೆಯೋ ಎಂಟಿವೆಯೋ ಬೇಕಾಗಿಲ್ಲ, ಎತ್ತಿಕೊಂಡು ಹೋಗುತ್ತದೆ. ಹಿಂದಕ್ಕೆ ಬಂದು ಎತ್ತರದ ಹೊಲಗಳ ನಡುವಿನ ಬಂಡಿ ದಾರಿ ಹಿಡಿದೆ. ಎರಡು ಕಿಲೋಮೀಟರ್ ಎರಿ ಮಣ್ಣು, ಅಂದರೆ ಅಂಟುವ ಕಪ್ಪು ಮಣ್ಣು. ಮಳೆ ಬಿದ್ದ ಎರಿ ಹೊಲದಲ್ಲಿ ನಡೆದವರಿಗೆ ಹೇಳಬೇಕಾಗಿಲ್ಲ, ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೆ ಎರಡೆರಡು ಕೇಜಿ ಮಣ್ಣು ಹತ್ತುತ್ತದೆ. ಗುಬ್ಬಿ ತಿರುವಿದೆ, ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಒಂದೇ ಸಮ ಹಿಡಿದು, ಎಲ್ಲೂ ನಿಲ್ಲಿಸದೆ. ಹಿಂದಿನ ಭಾಗ ಬಲಕ್ಕೆ ವಾಲಿತು, ಮುಂದಿನ ಗಾಲಿಗಳು ಕಚ್ಚಿಕೊಂಡು ಎಳೆದವು. ಆ ಎಳೆತ ನನಗೆ ಸ್ಟೇರಿಂಗ್‌ನಲ್ಲಿ ಕೈಗೆ ಗೊತ್ತಾಯಿತು. ಈಗ ಬರೆಯುವಾಗಲೂ ಅಂಗೈಯಲ್ಲಿ ಅದು ಹಾಗೇ ಇದೆ.

ವಾಪಸ್ ಬರುವಾಗ ಗಾಡಿಯಲ್ಲಿ ದೊಡ್ಡವ್ವ, ಕಾಕಾ, ಮೂರು ಮಕ್ಕಳು, ಎರಡು ಚೀಲ ಜೋಳ, ಒಂದು ಆಡು. ಆಡು ಬಿಟ್ಟು ಬರುವುದಿಲ್ಲ ಅಂತ ದೊಡ್ಡವ್ವ ಹಟ ಹಿಡಿದಳು. ಆ ವಾಸನೆ ಹೋಗಲು ಎರಡು ದೀಪಾವಳಿ ಬೇಕಾದವು. (ಮೊನ್ನೆ ಒಬ್ಬರು ಹಿಂದಿನ ಬಾಗಿಲು ತೆಗೆದು ಮೂಗು ಏರಿಸಿ "ಫ್ಲಡ್‌ನಾಗ ಮುಣಗಿದ ಗಾಡಿ ಏನ್ರಿ?" ಅಂದರು. ಇಲ್ಲ ಮಾರಾಯ, ಫ್ಲಡ್‌ನಿಂದ ಜನರನ್ನು ತಂದ ಗಾಡಿ!)

ನಮ್ಮ ಭಾವ ಇದನ್ನು ಓದಿ ಕಾಮೆಂಟ್ ಹಾಕೇ ಹಾಕುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. ಅವರ ವಾದ ಹೀಗೆ: ವರ್ಷಕ್ಕೆ ಎರಡು ಸಲ ತಿರುವುವ ಗುಬ್ಬಿಗಾಗಿ ವರ್ಷವಿಡೀ ಡೀಸೆಲ್ ಸುಡಬೇಕಾ? ಬೆಳಗಾವಿ ಪ್ಯಾಟಿಯೊಳಗೆ ಎರಿ ಹೊಲ ಎಲ್ಲೈತಿ? ಸರಿ. ಲೆಕ್ಕ ಹಾಕಿದ್ದೇನೆ, ನಿಜವಾಗಿ ಬೇಕೇಬೇಕಾಗಿ ನಾನು ಅದನ್ನು ತಿರುವಿದ್ದು ಇಷ್ಟು ವರ್ಷದಲ್ಲಿ ಹದಿನೇಳು ಸಲ ಇರಬಹುದು. ಒಪ್ಪಿದೆ. ಹಾಗಾದರೆ ಭಾವಾರ, ನಿಮ್ಮ ಗಾಡಿಯ ಸನ್‌ರೂಫ್ ಎಷ್ಟು ಸಲ ತೆಗೆದಿದ್ದೀರಿ? ಮಾರ್ಚ್‌ನಿಂದ ಮೇವರೆಗೆ ಬಿಸಿಲು, ತೆಗೆಯುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿ ಮಳೆ, ತೆಗೆಯುವಂತಿಲ್ಲ. ಅಕ್ಟೋಬರ್ ಆದಮೇಲೆ ಕಬ್ಬಿನ ಟ್ರ್ಯಾಕ್ಟರ್‌ಗಳ ಧೂಳು. ಉಳಿದದ್ದು ಮಗನ ಬರ್ತ್‌ಡೇ ದಿನ ಎರಡು ನಿಮಿಷ, ಅದೂ ಅವನು ತಲೆ ಹೊರಗೆ ಹಾಕಿ ನಿಂತು ರೀಲ್ಸ್ ಮಾಡಲಿಕ್ಕೆ. ಬೆಲ್ಟ್ ಇಲ್ಲದೆ ಮಗುವನ್ನು ನಿಲ್ಲಿಸಿಕೊಂಡು ಘಾಟಿನಲ್ಲಿ ಗಾಡಿ ಓಡಿಸುವವರನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಕಲಸುತ್ತದೆ. ನಾಲ್ಕು ಗಾಲಿ ದಂಡ, ಮೇಲಿನ ತೂತು ಮಾತ್ರ ದಂಡ ಅಲ್ಲ, ಅಲ್ವಾ?

ದಲಾಲಿಗಳ ಕಥೆ ಬೇರೆ. ಊರಿನ ಒಬ್ಬ ಡೀಲರ್, ಹೆಸರು ಬೇಡ, ಐದು ಎಂಬತ್ತು ಅಂದ. "ಹದಿನೆಂಟ್ ಪರ್ಸೆಂಟ್ ಜಿಎಸ್‌ಟಿ ಕಟ್ಟಬೇಕ್ರಿ ಸರ್ ನಾವು." ಏನ್ರೀ, ಅದು ನಿಮಗೆ ಉಳಿಯುವ ಮಾರ್ಜಿನ್ ಮೇಲೆ, ಇಡೀ ಗಾಡಿ ಮೇಲಲ್ಲ ಅಂದೆ. ನಕ್ಕ. ಮೀಟರ್ ತೊಂಬತ್ತೆರಡು ಸಾವಿರ ತೋರಿಸುತ್ತಿತ್ತು. "ಐವತ್ತೈದಕ್ಕ ತರೂಣು, ನಿಮಗೂ ಇಪ್ಪತ್ತ್ ಸಾವಿರ ಜಾಸ್ತಿ" ಅಂದ, ಕ್ಷೌರದ ಅಂಗಡಿಯಲ್ಲಿ ಗಡ್ಡಾನೂ ಮಾಡ್ಲಾ ಅಂತ ಕೇಳಿದಷ್ಟು ಸಲೀಸಾಗಿ. ಇನ್ನೊಬ್ಬ "ಡೀಸೆಲ್ ಗಾಡಿ ಹತ್ತ ವರ್ಷಕ್ಕ ಬಂದ್" ಅಂತ ಹೆದರಿಸಲು ಬಂದ. ಹತ್ತು ವರ್ಷದ ಆ ಮಾತು ದಿಲ್ಲಿ ಸುತ್ತಮುತ್ತಲಿನದು ಮಾರಾಯ. ಇಲ್ಲಿ ಆರ್‌ಸಿ ಹದಿನೈದು ವರ್ಷ, ನನ್ನದು 2033ರವರೆಗೆ ಇದೆ, ಆಮೇಲೂ ಪಾಸ್ ಆದರೆ ಮುಂದುವರಿಸಬಹುದು.

ಇನ್ನೊಬ್ಬ ಪುಣ್ಯಾತ್ಮ ಅಡ್ವಾನ್ಸ್ ಕೊಟ್ಟು "ಗಾಡಿ ಒಯ್ತೀನಿ, ಹೆಸರ ಆಮ್ಯಾಲ ಮಾಡಿಸ್ಕೊಂತೀನಿ" ಅಂದ. ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕು ಅಂದರೆ ನಾಳೆ ಅಂತಾನೆ. ಈ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಆಕ್ಸಿಡೆಂಟ್ ಆದರೆ ಪರಿಹಾರದ ಹೊಣೆ ಅವರ ತಲೆಗೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಡ್ವಾನ್ಸ್ ವಾಪಸ್ ಕೊಟ್ಟೆ. ಅವನೂ ಹೋಗುವಾಗ "ಸನ್‌ರೂಫ್ ಇದ್ರ ಈಗಿಂದೀಗ ಹೆಸರ ಮಾಡಿಸ್ತಿದ್ದೆ" ಅಂದ ಅಂದರೆ ನಂಬುತ್ತೀರಾ? ಅಂದ.

"ಅಷ್ಟು ಪ್ರೀತಿ ಇದ್ದರೆ ನೀ ಯಾಕೆ ಮಾರ್ತೀಯಪ್ಪ" ಅಂತ ನಿಮ್ಮಲ್ಲಿ ಯಾರಾದರೂ ಕೇಳುತ್ತೀರಿ. ಕೇಳಬಾರದು ಅಂತಲೇ ಇಷ್ಟು ಹೊತ್ತು ಬೇರೆ ಏನೇನೋ ಮಾತಾಡಿದೆ.

ಎಡಗಾಲಿನ ಮಂಡಿ. ಎರಡನೇ ರೈಲ್ವೆ ಗೇಟಿನಲ್ಲಿ ಗೇಟ್ ಬಿದ್ದು ಎದ್ದಮೇಲೆ ಆ ಸಾಲಿನಲ್ಲಿ ಕ್ಲಚ್ ಒತ್ತು, ಬಿಡು, ಒತ್ತು, ಬಿಡು. ಹೋದ ನವೆಂಬರ್‌ನಲ್ಲಿ ಒಂದು ಸಂಜೆ ಒತ್ತಿದ ಕಾಲು ಎತ್ತಲು ಆಗಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು, ಒಬ್ಬ ಬೈದ, ನಾನು ಎರಡೂ ಕೈಯಿಂದ ನನ್ನ ಕಾಲನ್ನೇ ಹಿಡಿದು ಎತ್ತಿದೆ. ಪಕ್ಕದಲ್ಲಿ ಮಗಳಿದ್ದಳು. ಅವಳು ಏನೂ ಅನ್ನಲಿಲ್ಲ. ಮನೆಗೆ ಬಂದು ಅವರವ್ವನಿಗೆ ಹೇಳಿದಳು. ಡಾಕ್ಟರು ಸವೆತ ಅಂದರು. ಗಾಡಿಯದ್ದಲ್ಲ, ನನ್ನದು.

ಹಾಗಾಗಿ ಆಟೋಮ್ಯಾಟಿಕ್ ಬುಕ್ ಮಾಡಿದ್ದೇನೆ. ಸಣ್ಣದು, ಪೆಟ್ರೋಲ್, ಮಗಳೂ ಓಡಿಸಬಹುದು. ಬಣ್ಣ ಅವಳೇ ಆರಿಸಿದಳು, ಮಾಡೆಲ್ಲೂ ಅವಳದೇ. ಟಾಪ್ ಮಾಡೆಲ್.

ಹೂಂ. ಅದಕ್ಕೆ ಸನ್‌ರೂಫ್ ಇದೆ. ನಗುವವರು ನಕ್ಕುಬಿಡಿ. ಭಾವ, ಸ್ಕ್ರೀನ್‌ಶಾಟ್ ಹೊಡೆದುಕೊಳ್ಳಿ.

ಇದನ್ನು ಬರೆಯುತ್ತಿದ್ದಾಗಲೇ ಒಂದು ಫೋನ್ ಬಂತು. ಜಾಂಬೋಟಿ ಕಡೆಯವರು, ಕಾಡಿನ ಪಕ್ಕದಲ್ಲಿ ಹೊಲ ಇದೆಯಂತೆ. ಆವರೇಜ್ ಕೇಳಲಿಲ್ಲ. ಸ್ಕ್ರೀನ್ ಕೇಳಲಿಲ್ಲ. ಸನ್‌ರೂಫ್ ಹೆಸರೇ ಎತ್ತಲಿಲ್ಲ. ನಾಲ್ಕೂ ಟಯರ್ ಒಂದೇ ಸಲ ಬದಲಿಸಿದಿರಾ ಅಂತ ಕೇಳಿದರು! ಮುಂದಿನ ಡಿಫರೆನ್ಷಿಯಲ್ ಆಯಿಲ್ ಕೇಳಿದರು! ನಾನು ಕುರ್ಚಿಯಿಂದ ಎದ್ದು ನಿಂತೇ ಮಾತಾಡಿದೆ, ಫೈಲ್ ತೆಗೆದು ತಾರೀಖು ಸಮೇತ ಓದಿ ಹೇಳಿದೆ. ನನ್ನ ಹೆಂಡತಿ ಅಡುಗೆ ಮನೆಯಿಂದ ಹಣಿಕಿ ನೋಡಿದಳು, ಹೆಣ್ಣು ಗೊತ್ತಾಯಿತೇನೋ ಅನ್ನುವ ಹಾಗೆ.

ಕೊನೆಗೆ ಅವರು, "ಲೋ ರೇಂಜ್ ಗೇರ್ ಐತೇನ್ರಿ ಇದಕ್ಕ?"

ಇಲ್ಲ. ಕಡಿದಾದ ಏರಿಗೆ, ಆಳದ ಕೆಸರಿಗೆ ನಿಧಾನವಾಗಿ ಜಾಸ್ತಿ ಜೋರು ಕೊಡುವ ಆ ಗೇರು ಹೆಕ್ಸಾಕ್ಕೆ ಇಲ್ಲ.

"ಹಂಗಾದ್ರ ಬ್ಯಾಡ್ ಬಿಡ್ರಿ ಸರ್, ನಮಗ ಆಗೂದಿಲ್ಲ" ಅಂತ ಇಟ್ಟುಬಿಟ್ಟರು.

ಬೇಜಾರಾಗಲಿಲ್ಲ. ಅಷ್ಟು ಚೆಂದಾಗಿ ಯಾರೂ ಬೇಡ ಅಂದಿರಲಿಲ್ಲ. ಗಾಡಿ ಇನ್ನೂ ಇದೆ, ಎಂಟೂವರೆ. ಬರುವವರು ರವಿವಾರ ಬನ್ನಿ, ಚಹಾ ಅವಲಕ್ಕಿ ಇರುತ್ತದೆ. ಕಪ್ಪು ಮಾತ್ರ ಫೈಲಿನ ಮೇಲೆ ಇಡಬೇಡಿ.