ನುಂಗಿದ್ದೂ ಅದೇ, ಮೈನ್ ಎಲ್ಲಿ ಅಂತ ಕೇಳೋದೂ ಅದೇ

ಸಿಸಿ -ಓ ಮೈನ್.ಸಿ ಯುಟಿಲ್.ಸಿ. ಸಿ ಭಾಷೆಯ ಎರಡು ಸೋರ್ಸ್ ಫೈಲ್‌ಗಳನ್ನು ಕಂಪೈಲರ್‌ಗೆ (ಸಿಸಿ) ಕೊಟ್ಟು ಪ್ರೋಗ್ರಾಮ್ ಮಾಡಿಸೋಕೆ ಅಷ್ಟೇ ಟೈಪ್ ಮಾಡಿದ್ದು. ಎಂಟರ್ ಒತ್ತಿದ್ದಾಯ್ತು, ಮೈನ್.ಸಿ ಇಲ್ಲ.

-ಓ ಆದ್ಮೇಲೆ 'ಆ್ಯಪ್' ಅನ್ನೋ ಪ್ರೋಗ್ರಾಮ್ ಹೆಸರು ಬಿಟ್ಟುಹೋಯ್ತು, ಒಪ್ಪಿದೆ. -ಓ ತನ್ನ ಮುಂದೆ ಸಿಕ್ಕಿದ್ದನ್ನೇ ಔಟ್‌ಪುಟ್ ಹೆಸರು ಅಂತ ಎಳ್ಕೊಳ್ಳುತ್ತೆ. ಮೈನ್.ಸಿ ಇನ್‌ಪುಟ್ ಲೆಕ್ಕದಿಂದಲೇ ಹೊರಗೆ. ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಜೋಡಿಸೋದು) ಹಳೇ ಫೈಲ್ ತೆಗೆದುಹಾಕಿ ಆ ಹೆಸರಲ್ಲಿ ಬರೆಯೋಕೆ ಕೂತ್ಕೊಳ್ತು. ಆಮೇಲೆ ಬಂದ ಎರರ್ ನೋಡಿ: ಅನ್‌ಡಿಫೈನ್ಡ್ ರೆಫರೆನ್ಸ್ ಟು ಮೈನ್! ಅಂದರೆ ಪ್ರೋಗ್ರಾಮ್ ಶುರುವಾಗೋ ಮೈನ್ ಫಂಕ್ಷನ್ ಸಿಗಲಿಲ್ಲ ಅಂತ, ಅದು ಇದ್ದದ್ದೇ ಮೈನ್.ಸಿ ಒಳಗೆ. ಮೈನ್ ಎಲ್ಲಿ ಅಂತ ನನ್ನನ್ನೇ ಕೇಳುತ್ತೆ! ಈಗ ತಾನೇ ನುಂಗಿದ್ದು ಯಾರಪ್ಪಾ? ಲಿಂಕ್ ಆಗಲಿಲ್ಲ ಅಂತ ಅರ್ಧಂಬರ್ಧ ಔಟ್‌ಪುಟ್ಟನ್ನೂ ಅಳಿಸಿ ಗುಡಿಸಿ ಹೋಯ್ತು. ಸೋರ್ಸೂ ಇಲ್ಲ, ಪ್ರೋಗ್ರಾಮೂ ಇಲ್ಲ. ಎಲ್‌ಎಸ್ ಹೊಡೆದು ಫೈಲ್ ಪಟ್ಟಿ ನೋಡಿದರೆ ಯುಟಿಲ್.ಸಿ ಒಂದೇ ಪಿಳಿಪಿಳಿ ಅಂತಿದೆ.

ತಪ್ಪು ಕಂಪೈಲರ್‌ದಲ್ಲ ಬಿಡಿ, ಹೇಳಿದ್ದನ್ನೇ ಮಾಡಿದೆ. ಅಲ್ಲ, ಅದರದ್ದೇ! ಅದೇ ಮೈನ್.ಸಿ ಎರಡು ಸಲ ಬಿದ್ದಿದ್ದರೆ 'ಇನ್‌ಪುಟ್ಟೂ ಔಟ್‌ಪುಟ್ಟೂ ಒಂದೇ' ಅಂತ ನಿಲ್ಲುತ್ತೆ. ಅಷ್ಟು ಬುದ್ಧಿ ಇದೆ. ಒಂದೇ ಸಲ ಬಿದ್ದರೆ ಮಾತ್ರ ಗಪ್‌ಚುಪ್. ಪ್ರಿಪ್ರೊಸೆಸ್ ಮಾಡಿದ್ದನ್ನು (ಇನ್‌ಕ್ಲೂಡ್, ಮ್ಯಾಕ್ರೋ ಬಿಡಿಸಿದ ಸಿ ಕೋಡ್) .ಸಿ ಹೆಸರಲ್ಲಿ ಬರೆಸೋರು ಇರ್ತಾರೆ, ಸರಿ. ಓಡಿಸೋ ಪ್ರೋಗ್ರಾಮ್‌ಗೆ (ಎಕ್ಸಿಕ್ಯೂಟಬಲ್) ಯಾರ್ರೀ .ಸಿ ಬಾಲ ಕಟ್ತಾರೆ? ಒಂದು ಮಾತು ಕೇಳಬಾರದಾ? ಯಾರಾದ್ರೂ ಉತ್ತರ ಕೊಡಿ!

-ಓ ಬಿಲ್ಡ್/ಆ್ಯಪ್ ಅಂದು ನೋಡಿ. ಬಿಲ್ಡ್ ಫೋಲ್ಡರ್ ಇಲ್ಲದಿದ್ದರೆ ಕೈ ಎತ್ತಿಬಿಡುತ್ತೆ, ಎಂಕೆಡಿಐಆರ್ -ಪಿ ನಾವೇ ಹೊಡೀಬೇಕು. ಖಾಲಿ ಫೋಲ್ಡರ್ ಮಾಡೋಕೆ ಇಷ್ಟು ಸಂಕೋಚ, ಇರೋ ಫೈಲ್ ಅಳಿಸೋಕೆ ಒಂಚೂರೂ ಇಲ್ಲ.

ಅಂತೂ -ಓ ಕೊನೆಗೇ ಬರೀರಿ: ಸಿಸಿ ಮೈನ್.ಸಿ ಯುಟಿಲ್.ಸಿ -ಓ ಆ್ಯಪ್. ಹೆಸರು ಮರೆತರೆ -ಓ ಮುಂದೆ ನುಂಗೋಕೆ ಏನೂ ಇರಲ್ಲ, 'ಫೈಲ್ ಹೆಸರಿಲ್ಲ' ಅಂತ ಎರರ್ ಕೊಟ್ಟು ಸುಮ್ಮನಾಗುತ್ತೆ. ಇದು ಗೊತ್ತಿಲ್ಲದ್ದೇನಲ್ಲ, ಬೇರೆಯವರಿಗೆ ಹತ್ತು ಸಲ ಉಪದೇಶ ಮಾಡಿದ ಬಾಯಿ ಇದು. ಕೈ ಮಾತ್ರ ಕಲಿಯಲಿಲ್ಲ.

ಫೈಲ್ ಎಡಿಟರ್‌ನಲ್ಲಿ ಇನ್ನೂ ತೆರೆದಿದ್ದರೆ ದಯವಿಟ್ಟು ಮುಚ್ಚಬೇಡಿ, ಮತ್ತೆ ಸೇವ್ ಮಾಡಿದರೆ ವಾಪಸ್ ಬರುತ್ತೆ. ಮುಚ್ಚಿದ್ದರೆ ಗಿಟ್, ಕೋಡ್‌ನ ಹಳೇ ಆವೃತ್ತಿಗಳನ್ನು ಇಟ್ಟುಕೊಳ್ಳೋ ಸಾಧನ. ಗಿಟ್‌ನಲ್ಲಿ ಕೊನೇ ಕಮಿಟ್ (ಉಳಿಸಿಟ್ಟ ಆವೃತ್ತಿ) ಇದೆ, ಆಮೇಲೆ ಬರೆದದ್ದು ಇಲ್ಲ. ಆ 40 ಸಾಲು ಮತ್ತೆ ಬರೀಬೇಕು, ಇನ್ನೇನು.

ಇಷ್ಟಾದ್ಮೇಲೆ -ಸಿ (ಲಿಂಕ್ ಬೇಡ, ಕಂಪೈಲ್ ಸಾಕು) ಹಾಕಿ ನೆಟ್/ಯುಟಿಲ್.ಸಿ, ಡಿಬಿ/ಯುಟಿಲ್.ಸಿ ಎರಡನ್ನೂ ಒಟ್ಟಿಗೆ ಕೊಟ್ಟರೆ, ಫೋಲ್ಡರ್ ಹೆಸರು ಬಿಸಾಕಿ ಎರಡಕ್ಕೂ ಒಂದೇ ಯುಟಿಲ್.ಓ (ಕಂಪೈಲ್ ಆದ ಆಬ್ಜೆಕ್ಟ್ ಫೈಲ್), ನಿಂತಿರೋ ಡೈರೆಕ್ಟರಿಯಲ್ಲಿ. ಮೊದಲನೇದರ ಮೇಲೆ ಎರಡನೇದು. ವಾರ್ನಿಂಗ್? ಊಹೂಂ.