ಹೊರಗೆ ಮೈನಸ್ 15, ಒಳಗೆ ಎರಡು ವರ್ಷದ ಮಗ

ನವೆಂಬರ್ ತಿಂಗಳ ಮೊದಲ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಒಂದು ಗಂಟೆ ಜಾಸ್ತಿ ನಿದ್ದೆ ಸಿಕ್ಕಿತು ಅಂತ ಊರಿಗೆಲ್ಲ ಖುಷಿ, ಚಿಕ್ಕ ಮಕ್ಕಳಿರುವ ಮನೆಗಳನ್ನು ಬಿಟ್ಟು. ಗಡಿಯಾರ ಹಿಂದೆ ಹೋಗಿದೆ ಕಣಪ್ಪಾ ಅಂತ ನನ್ನ ಮಗನಿಗೆ ಹೇಳೋರು ಯಾರು? ಆರಕ್ಕೆ ಏಳುತ್ತಿದ್ದವನು ಐದಕ್ಕೇ ಎದ್ದು ಕೂತು "ಅಮ್ಮಾ, ಆಚೆ" ಅನ್ನುತ್ತಾನೆ. ಆಚೆ ಕಗ್ಗತ್ತಲೆ. ಅಲ್ಲಿಂದ ಏಪ್ರಿಲ್ ತನಕ ನಮ್ಮ ಮನೆಯ ಕತೆ ಇದೇ.

ನಾವಿರೋದು ಅಮೆರಿಕದ ಮಿನಿಯಾಪೊಲಿಸ್ ಪಕ್ಕದ ಒಂದು ಊರಲ್ಲಿ. ಜನವರಿಯ ಸಾಧಾರಣ ದಿನ ಅಂದರೆ ಹಗಲು ಮೈನಸ್ 5, ರಾತ್ರಿ ಮೈನಸ್ 13 ಡಿಗ್ರಿ ಸೆಲ್ಸಿಯಸ್. ಡಿಸೆಂಬರ್ ಕೊನೆಗೆ ಹಗಲು ಒಂಬತ್ತು ಗಂಟೆಯೂ ಇರೋದಿಲ್ಲ. ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಹೊಸದಾಗಿ ಈ ಕಡೆ ಬಂದವರು ಇನ್‌ಬಾಕ್ಸಿಗೆ ಬಂದು ಕೇಳುತ್ತಾರೆ, "ಮಗುವಿಗೆ ಒಂದೂವರೆ ವರ್ಷ, ಚಳಿಗಾಲದಲ್ಲಿ ಏನು ಆಕ್ಟಿವಿಟಿ ಮಾಡಿಸ್ತೀರಿ?" ಒಬ್ಬೊಬ್ಬರಿಗೇ ಟೈಪ್ ಮಾಡಿ ಕೈ ಸೋತಿದೆ, ಅದಕ್ಕೆ ಇಲ್ಲೇ ಬರೆಯುತ್ತಿದ್ದೇನೆ. ನನ್ನ ಉತ್ತರ ಕೆಲವರಿಗೆ ಸಿಟ್ಟು ತರಿಸಬಹುದು. ಆಕ್ಟಿವಿಟಿ ಮಾಡಿಸೋದನ್ನು ಬಿಡಿ. ಮಗುವಿಗೆ ಕೆಲಸ ಕೊಡಿ. ಆಮೇಲೆ ಚಳಿಗೆ ಹೆದರದೆ ಹೊರಗೆ ಕರೆದುಕೊಂಡು ಹೋಗಿ.

ಇದನ್ನು ಕಲಿತದ್ದು ದೊಡ್ಡವಳ ಮೇಲೆ ಪ್ರಯೋಗ ಮಾಡಿ, ಪಾಪ. 2018-19ರ ಚಳಿಗಾಲದಲ್ಲಿ ಅವಳಿಗೆ ಎರಡು ವರ್ಷ. ನಮ್ಮದು ಅಪಾರ್ಟ್‌ಮೆಂಟಿನ ಎರಡನೇ ಮಹಡಿ. 2019ರ ಜನವರಿ 30ಕ್ಕೆ ಇಲ್ಲಿ ಮೈನಸ್ 33 ಡಿಗ್ರಿ ಆಗಿತ್ತು. ಶಾಲೆಗಳಿಗೆ ರಜ, ಅಂಚೆಯವರೂ ಅವತ್ತು ಬಟವಾಡೆ ನಿಲ್ಲಿಸಿದ್ದರು. ಅಂಥ ದಿನ ಮನೆಯೊಳಗೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಮಾಡಿದ್ದು ಬೇರೆ. ಅಂಥ ಒಂದು ವಾರದ ಹೆದರಿಕೆಯನ್ನು ಇಡೀ ಐದು ತಿಂಗಳಿಗೆ ಹಚ್ಚಿಬಿಟ್ಟೆ. ನವೆಂಬರಿಂದ ಮಾರ್ಚ್ ತನಕ ಮಗು ಹೊರಗಿನ ಗಾಳಿ ಕಂಡದ್ದು ಮನೆ ಬಾಗಿಲಿಂದ ಕಾರಿನ ತನಕ, ಕಾರಿಂದ ಅಂಗಡಿ ತನಕ, ಅಷ್ಟೇ.

ಬದಲಿಗೆ ಆಟದ ಸಾಮಾನು ತಂದು ಸುರಿದೆ. ರೀಲ್ಸ್ ನೋಡಿ ಅಕ್ಕಿಗೆ ಏಳು ಬಣ್ಣ ಹಾಕಿ, ಒಣಗಿಸಿ, ಟ್ರೇಯಲ್ಲಿ ಕಾಮನಬಿಲ್ಲು ಮಾಡಿ ಇಟ್ಟೆ. ಅವಳು ಆಡಿದ್ದು ನಾಲ್ಕು ನಿಮಿಷ, ನಾನು ವ್ಯಾಕ್ಯೂಮ್ ಹಿಡಿದು ಓಡಾಡಿದ್ದು ನಲವತ್ತು ನಿಮಿಷ. (ಸೋನಾ ಮಸೂರಿ ಬೇರೆ! ಅತ್ತೆ ಫೋನಿನಲ್ಲಿ ಕೇಳಿ ಎರಡು ದಿನ ಮಾತು ಬಿಟ್ಟಿದ್ದರು.) ಮಧ್ಯಾಹ್ನ ಮಲಗೋದಿಲ್ಲ, ರಾತ್ರಿ ಹತ್ತಾದರೂ ಸೋಫಾ ಮೇಲಿಂದ ಜಿಗಿತ, ಸಿಟ್ಟು ಬಂದರೆ ಕಚ್ಚೋದು. ಕೆಳಗಿನ ಮನೆಯವರು ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋದರು, ಮಗುವಿನ ಓಡಾಟದ ಸದ್ದು ಜಾಸ್ತಿ ಅಂತ. ಅವರ ತಪ್ಪೂ ಇಲ್ಲ ಬಿಡಿ. ನಾನು ಮಾತ್ರ ಮಗಳಿಗೇ ಹಟ ಜಾಸ್ತಿ ಅಂದುಕೊಂಡಿದ್ದೆ.

ಆ ವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿತು. ಒಂದರಿಂದ ಎರಡು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸುತ್ತಿರಬೇಕು. ಮೂರು ತುಂಬಿದವರಿಗೂ ಅಷ್ಟೇ ಹೊತ್ತು, ಅದರಲ್ಲಿ ಒಂದು ಗಂಟೆ ಉಸಿರು ಮೇಲೆ ಕೆಳಗೆ ಆಗುವಂಥ ಓಟ ಕುಣಿತ. ಒಂದು ವರ್ಷದವರಿಗೆ ಸ್ಕ್ರೀನ್ ಬೇಡವೇ ಬೇಡ, ಎರಡಾದ ಮೇಲೆ ಒಂದು ಗಂಟೆಗಿಂತ ಹೆಚ್ಚಲ್ಲ. ಸ್ಟ್ರೋಲರ್, ಊಟದ ಕುರ್ಚಿ ಇಂಥದರಲ್ಲಿ ಒಂದೇ ಸಮ ಒಂದು ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬಾರದು. ಓದಿ ಮೊದಲು ನಕ್ಕೆ. ಮೂರು ಗಂಟೆ! ಆಮೇಲೆ ಸುಮ್ನೆ ಒಂದು ದಿನ ಲೆಕ್ಕ ಹಾಕಿದೆ. ನನ್ನ ಮಗಳದ್ದು ನಲವತ್ತು ನಿಮಿಷ ದಾಟಿರಲಿಲ್ಲ. ಉಳಿದ ಹೊತ್ತೆಲ್ಲ ಕಾರ್ ಸೀಟು, ಊಟದ ಕುರ್ಚಿ, ಮಾಲಿನಲ್ಲಿ ಸ್ಟ್ರೋಲರ್, ನನ್ನ ಮಡಿಲು. ಕಚ್ಚದೆ ಇನ್ನೇನು ಮಾಡುತ್ತೆ ಮಗು?

ನಮ್ಮೂರು ಕೊಪ್ಪದ ಕಡೆ. ನಾನು ಎರಡು ವರ್ಷದವಳಿದ್ದಾಗ ನನ್ನನ್ನು ಯಾರು ಆಡಿಸುತ್ತಿದ್ದರು ಅಂತ ಅಮ್ಮನ್ನ ಕೇಳಿದೆ. "ಅಡಿಕೆ ಕೊಯ್ಲಿನ ಟೈಮಲ್ಲಿ ನಿನ್ನ ಆಡಿಸ್ತಾ ಕೂರೋಕೆ ಯಾರಿಗೆ ಪುರ್ಸೊತ್ತಿತ್ತು ಮಾರಾಯ್ತಿ" ಅಂದಳು. ಬೆಳಿಗ್ಗೆ ಬಚ್ಚಲ ಒಲೆ ಮುಂದೆ ಚಳಿ ಕಾಯಿಸಿಕೊಂಡು ಕೂರಿಸಿದರೆ ಸೌದೆ ಚೂರು ಎತ್ತಿ ಎತ್ತಿ ಕೊಡುತ್ತಿದ್ದೆನಂತೆ. ಅಂಗಳದಲ್ಲಿ ಅಡಿಕೆ ಸುಲಿಯುವಾಗ ಸಿಪ್ಪೆ ರಾಶಿ ಮೇಲೆ ಹತ್ತೋದು, ಜಾರೋದು. ಅಣ್ಣ ಅಡಿಕೆ ಹಾಳೆ ಮೇಲೆ ಕೂರಿಸಿಕೊಂಡು ದರದರ ಎಳೆದುಕೊಂಡು ಹೋಗುತ್ತಿದ್ದ. ಮಲೆನಾಡಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಹಾಳೆ ಬಂಡಿ ನೆನಪಾಗಿ ಈಗಲೇ ಕುಂಡೆ ಉರಿದಿರಬೇಕು.

ನಮ್ಮ ಕಾಲವೇ ಚೆಂದ ಅಂತ ಹೇಳೋಕೆ ಹೊರಟಿಲ್ಲ. ಅಲ್ಲಿ ಮನೆ ತುಂಬ ಜನ, ಇಲ್ಲಿ ನಾವಿಬ್ಬರೇ, ಇಬ್ಬರಿಗೂ ಕೆಲಸ. ನನ್ನ ಮೇಲೆ ಒಂದು ಕಣ್ಣಿಡೋಕೆ ಹತ್ತು ಜನ ಇದ್ದರು, ಒಲೆ ಮುಂದೆ ಕೂರಿಸಿದ್ದೂ ಅದಕ್ಕೇ ನಡೆಯಿತು. ಆದರೆ ಒಂದು ವಿಷಯ ಮಾತ್ರ ಕಣ್ಣಿಗೆ ಬಿತ್ತು. ಆ ವಯಸ್ಸಿನ ಮಗುವಿಗೆ ಬೇಕಾದ್ದು ಭಾರದ್ದೇನಾದರೂ ಹೊರೋದು, ತಳ್ಳೋದು, ಎಳೆಯೋದು, ಹತ್ತೋದು, ಸುರಿಯೋದು. ಏಳು ಬಣ್ಣದ ಅಕ್ಕಿಯನ್ನು ಚಮಚದಲ್ಲಿ ತೆಗೆದು ಪುಟ್ಟ ಬಟ್ಟಲಿಗೆ ಹಾಕು ಅಂದರೆ ಮೈಗೆ ಏನು ಸಿಕ್ಕಿತು?

ಈಗ ಮಗನ ಸರದಿ. ಈ ಸಲ ಆಟದ ಸಾಮಾನಿನ ಅರ್ಧ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದೇನೆ. ಒಗೆದ ಬಟ್ಟೆ ಬುಟ್ಟಿಯನ್ನು ಅವನೇ ತಳ್ಳಿಕೊಂಡು ಬರಬೇಕು. ಐದು ಪೌಂಡಿನ ರಾಗಿಹಿಟ್ಟಿನ ಚೀಲ ಕಾರಿಂದ ಅಡುಗೆಮನೆಗೆ ಅವನೇ ತರಬೇಕು, ಹತ್ತು ನಿಮಿಷ ಹಿಡಿಯುತ್ತೆ, ಹಿಡಿಯಲಿ. ಚಪಾತಿ ಹಿಟ್ಟಿನಲ್ಲಿ ಒಂದು ಉಂಡೆ ಅವನಿಗೆ. ಗುದ್ದಿ, ಹಿಸುಕಿ, ತಟ್ಟಿ ಕೊನೆಗೆ ಬೂದಿ ಬಣ್ಣಕ್ಕೆ ತಿರುಗಿರುತ್ತೆ, ಅದನ್ನು ಬೇಯಿಸಿ ಅವರಪ್ಪನ ತಟ್ಟೆಗೆ ಹಾಕುತ್ತೇವೆ. ಹಳೇ ಬೆಡ್‌ಶೀಟ್ ಮೇಲೆ ಕೂರಿಸಿ ಮರದ ನೆಲದ ಮೇಲೆ ಎಳೆದರೆ ಅದೇ ಹಾಳೆ ಬಂಡಿ, ಎಳೆಯುವ ಅಕ್ಕನಿಗೂ ಬೆವರು. ಕಾರ್ಪೆಟ್ ಮೇಲೆ ಟೇಪಿನಲ್ಲಿ ಒಂದು ಗೆರೆ ಅಂಟಿಸಿದರೆ ಕೆರೆ-ದಡ. ಎರಡು ವರ್ಷದವನಿಗೆ ಯಾವುದು ಕೆರೆ ಯಾವುದು ದಡ ಗೊತ್ತಾಗಲ್ಲ, ಸುಮ್ನೆ ಜಿಗಿಯುತ್ತಾನೆ, ಜಿಗಿದರೆ ಸಾಕಲ್ವಾ. ಉಪ್ಪುಮೂಟೆ, ಅಪ್ಪಾಲೆ ತಿಪ್ಪಾಲೆ, ಕಣ್ಣಾಮುಚ್ಚಾಲೆ ಎಲ್ಲವೂ ಬಿಟ್ಟಿ. ಸಂಜೆ ಐದರಿಂದ ಏಳರ ನಡುವೆ ಮಕ್ಕಳಿಗೆ ಹುಚ್ಚು ಹಿಡಿಯುತ್ತಲ್ಲ, ಆ ಹೊತ್ತಿಗೆ ಬಾತ್‌ಟಬ್ಬಿನಲ್ಲಿ ನಾಲ್ಕು ಬೆರಳು ಬೆಚ್ಚಗಿನ ನೀರು, ಎರಡು ಚೊಂಬು, ಒಂದು ಸಾಣಿಗೆ. ಪಕ್ಕದಲ್ಲೇ ಕೂತಿರಬೇಕು, ಒಂದು ಕ್ಷಣವೂ ಏಳುವ ಹಾಗಿಲ್ಲ, ಆದರೆ ಕೂರೋದು ಸಿಗುತ್ತಲ್ಲ!

ಹೊರಗೆ ಹೋಗೋ ವಿಷಯಕ್ಕೆ ಬಂದರೆ ಮನೆಯಲ್ಲಿ ಯುದ್ಧ. ಹೋದ ವರ್ಷ ಅತ್ತೆ ಬಂದಿದ್ದರು, ಬರುವಾಗ ಎರಡು ಕುಲಾವಿ ಹೊಲಿಸಿಕೊಂಡು. "ಮಗೂಗೆ ಶೀತ ಆಗ್ತದೆ, ಕಿವಿ ಮುಚ್ಚೇ" ಅನ್ನೋದು ದಿನಕ್ಕೆ ಇಪ್ಪತ್ತು ಸಲ. ಕಿವಿ ಮುಚ್ಚಬೇಕು ಅನ್ನೋದು ಸರಿ, ಇಲ್ಲಿಯ ಚಳಿಗೆ ತೆರೆದ ಕಿವಿ, ಬೆರಳು, ಮೂಗಿನ ತುದಿ ಬೇಗ ಮರಗಟ್ಟಿ ಕೆಡುತ್ತವೆ. ಶೀತದ ಮಾತು ಮಾತ್ರ ಒಪ್ಪೋಕಾಗಲ್ಲ. ನೆಗಡಿ ತರೋದು ವೈರಸ್ಸು, ಅದು ಹರಡೋದು ಕಿಟಕಿ ಮುಚ್ಚಿದ ರೂಮಿನಲ್ಲಿ ಹತ್ತು ಮಕ್ಕಳು ಒಂದೇ ಆಟಿಕೆ ನೆಕ್ಕಿದಾಗ. ಎರಡು ವರ್ಷ ತುಂಬುವಷ್ಟರಲ್ಲಿ ಎಂಟು ಹತ್ತು ಸಲ ನೆಗಡಿ ಆಗೋದು ಸಹಜ ಅಂತ ಇಲ್ಲಿಯ ಮಕ್ಕಳ ಡಾಕ್ಟರುಗಳೇ ಹೇಳುತ್ತಾರೆ. ಅತ್ತೆಗೆ ಇದನ್ನೆಲ್ಲ ವಿವರಿಸಿದೆ. "ನಿಮ್ಮ ಡಾಕ್ಟರು ಎಷ್ಟು ಮಕ್ಕಳನ್ನ ಹೆತ್ತಿದ್ದಾರೆ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಡೇಕೇರ್‌ನಲ್ಲಿ ಗಾಳಿ ಸೇರಿಸಿ ಲೆಕ್ಕ ಹಾಕಿದ ಚಳಿ ಸೊನ್ನೆ ಫ್ಯಾರನ್‌ಹೀಟ್, ಅಂದರೆ ಮೈನಸ್ 18 ಸೆಲ್ಸಿಯಸ್ಸಿಗಿಂತ ಕೆಳಗೆ ಹೋದರೆ ಮಾತ್ರ ಒಳಗೆ. ಇಲ್ಲದಿದ್ದರೆ ದಿನಾ ಹೊರಗೆ. ನಾನೂ ಅದನ್ನೇ ಹಿಡಿದುಕೊಂಡಿದ್ದೇನೆ, ಮೈನಸ್ 10ರಲ್ಲಿ ಹತ್ತು ಹದಿನೈದು ನಿಮಿಷ, ಸೊನ್ನೆ ಹತ್ತಿರ ಇದ್ದರೆ ಅವನಿಗೆ ಸಾಕೆನಿಸುವ ತನಕ. ಕಷ್ಟ ಇರೋದು ಬಟ್ಟೆ ತೊಡಿಸೋದರಲ್ಲಿ. ಮೊದಲು ಡಯಾಪರ್ ಬದಲಿಸಿ, ಇದನ್ನು ಮರೆತವರು ಇನ್ನೊಮ್ಮೆ ಮರೆಯೋದಿಲ್ಲ. ಮೈಗೆ ಅಂಟುವ ತೆಳ್ಳನೆ ಪದರ, ಅದು ಹತ್ತಿಯದಲ್ಲದಿದ್ದರೆ ಒಳ್ಳೆಯದು, ಹತ್ತಿ ಒದ್ದೆಯಾದರೆ ತಣ್ಣಗೆ ಕೂತುಬಿಡುತ್ತೆ. ಮೇಲೆ ಉಣ್ಣೆಯದು ಅಥವಾ ಫ್ಲೀಸ್, ಆಮೇಲೆ ಸ್ನೋ ಪ್ಯಾಂಟು, ಬೂಟು, ಬೆರಳೆಲ್ಲ ಒಟ್ಟಿಗೆ ಹೋಗುವ ಮಿಟನ್, ಕೊನೆಗೆ ಜಾಕೆಟ್. ಮಿಟನ್ ಉದ್ದನೆಯದು ತಂದು ಜಾಕೆಟ್ಟಿಗೂ ಮೊದಲೇ ಹಾಕಿ, ತೋಳಿನ ಒಳಗೆ ಸಿಕ್ಕಿಕೊಂಡರೆ ಕಿತ್ತು ಎಸೆಯೋಕಾಗಲ್ಲ. ಬೆರಳು ಬೆರಳು ಬೇರೆ ಇರುವ ಗ್ಲೌಸ್ ಈ ವಯಸ್ಸಿಗೆ ದಂಡ. ಇಪ್ಪತ್ತು ನಿಮಿಷ ತೊಡಿಸಿ ಹತ್ತು ನಿಮಿಷ ಹೊರಗಿದ್ದು ಬರೋದಾ ಅಂತ ನಮ್ಮೆಜಮಾನರು ಕೇಳುತ್ತಾರೆ. ತೊಡಿಸಿಕೊಳ್ಳುವಾಗ ಮಾಡುವ ಕುಸ್ತಿಯೂ ಆ 180 ನಿಮಿಷದಲ್ಲಿ ಸೇರುತ್ತೆ ಅಂತ ನನ್ನ ಲೆಕ್ಕ.

ಒಂದು ಮಾತು ಮಾತ್ರ ತಮಾಷೆಯಲ್ಲ. ಆ ದಪ್ಪ ಜಾಕೆಟ್ ಹಾಕಿ ಕಾರ್ ಸೀಟಿನಲ್ಲಿ ಬೆಲ್ಟ್ ಕಟ್ಟಬೇಡಿ. ಡಿಕ್ಕಿಯಾದರೆ ಜಾಕೆಟ್ಟಿನೊಳಗಿನ ಗಾಳಿಯೆಲ್ಲ ಅಮುಕಿ ಹೋಗಿ ಬೆಲ್ಟ್ ಸಡಿಲ ಆಗಿಬಿಡುತ್ತೆ, ಮಗು ಜಾರಿ ಹೋಗಬಹುದು. ಜಾಕೆಟ್ ತೆಗೆದು ಬೆಲ್ಟ್ ಬಿಗಿದು, ಮೇಲಿಂದ ಜಾಕೆಟ್ಟನ್ನು ಹೊದಿಕೆ ಥರ ಹೊದಿಸಿ. ಊರಿಂದ ಬಂದ ಹೊಸತರಲ್ಲಿ ನಮಗೆ ಯಾರೂ ಹೇಳಿರಲಿಲ್ಲ.

ಹಿಮದಲ್ಲೂ ನೂರು ಥರ ಇದೆ. ಮೈನಸ್ 15ರಲ್ಲಿ ಬೀಳೋದು ಒಣ ರವೆ ಥರ, ಉಂಡೆ ಕಟ್ಟೋಕೆ ಆಗಲ್ಲ. ಆಗ ಸೌಟು ಕೊಟ್ಟು ಬಕೆಟ್ಟಿಗೆ ತುಂಬಿಸು ಅನ್ನಿ. ಸೊನ್ನೆ ಹತ್ತಿರ ಬಂದಾಗ ಬೀಳೋದು ಹದವಾದ ಉಂಡೆ ಹಿಮ, ಗೊಂಬೆ ಕಟ್ಟೋದಿದ್ದರೆ ಅವತ್ತೇ ಕಟ್ಟಬೇಕು. ಹೊರಗೆ ಹೋಗೋಕೇ ಆಗದ ದಿನ ಒಂದು ಪಾತ್ರೆ ತುಂಬ ಹಿಮ ಒಳಗೆ ತಂದು ಬಾತ್‌ಟಬ್ಬಿಗೆ ಸುರಿದುಬಿಡಿ, ಅರ್ಧ ಗಂಟೆ ನಿಮ್ಮದು.

ಇವೆಲ್ಲ ಬೇಜಾರಾಗಿ ಮನೆಯ ಗೋಡೆಗಳೇ ಮೈಮೇಲೆ ಬಂದ ಹಾಗಾದರೆ ಸೇಂಟ್ ಪಾಲ್‌ನ ಕೋಮೋ ಪಾರ್ಕಿನ ಗಾಜಿನ ಮನೆಗೆ ಹೋಗಿ. 1915ರದ್ದು, ಪ್ರವೇಶಕ್ಕೆ ದುಡ್ಡಿಲ್ಲ, ಕೊಡಬೇಕೆನಿಸಿದರೆ ಡಬ್ಬಿಗೆ ಹಾಕಬಹುದು. ಹೊರಗಿನ ಮೈನಸ್ಸಿಂದ ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಕನ್ನಡಕವೆಲ್ಲ ಮಂಜು, ಆಮೇಲೆ ಒದ್ದೆ ಮಣ್ಣಿನ ವಾಸನೆ. ಜರಿಗಿಡಗಳ ರೂಮಿಗೆ ಮೊದಲ ಸಲ ಹೋದಾಗ ನಾನು ಅತ್ತೇಬಿಟ್ಟಿದ್ದೆ, ಥೇಟ್ ನಮ್ಮನೆ ತೋಟದ ಕಪ್ಪಿನ (ನೀರು ಹರಿಯುವ ಕಾಲುವೆಯ) ಹತ್ತಿರ ಬರುವ ವಾಸನೆ. ಮಗನಿಗೆ ಅದೆಲ್ಲ ಬೇಕಿಲ್ಲ, ಓಡೋಕೆ ದಾರಿ ಇದ್ದರೆ ಆಯಿತು. ಈಡೈನಾದ ಎಡಿನ್‌ಬರೋ ಪಾರ್ಕಿನಲ್ಲಿ ಒಳಾಂಗಣದಲ್ಲೇ ಹತ್ತಿ ಜಾರುವ ದೊಡ್ಡ ಆಟದ ಜಾಗ ಇದೆ, ಟಿಕೆಟ್ ಇದೆ. ಇನ್ನು ಇಲ್ಲಿಯ ಸರ್ಕಾರಿ ಶಾಲೆಗಳು ಹುಟ್ಟಿದ ಮಗುವಿಂದ ಹಿಡಿದು ಕಿಂಡರ್‌ಗಾರ್ಟನ್ ತನಕ ಅಪ್ಪ ಅಮ್ಮನ ಜೊತೆಗೇ ನಡೆಸುವ ತರಗತಿಗಳಿವೆ, ಇಸಿಎಫ್ಇ ಅಂತ. ಶುಲ್ಕ ನಿಮ್ಮ ಆದಾಯ ನೋಡಿ. ಅಲ್ಲಿ ಅರ್ಧ ಹೊತ್ತು ಮಕ್ಕಳು ಟೀಚರ್ ಹತ್ತಿರ, ದೊಡ್ಡವರೆಲ್ಲ ಪಕ್ಕದ ರೂಮಿನಲ್ಲಿ ಕೂತು ಮಾತಾಡೋದು. ಜನವರಿಯಲ್ಲಿ ಆ ಪಕ್ಕದ ರೂಮೇ ನನ್ನನ್ನು ಉಳಿಸಿದ್ದು, ಸುಳ್ಳು ಯಾಕೆ ಹೇಳಲಿ.

ಟಿವಿ ತೋರಿಸುತ್ತೀರಾ ಅಂತ ಕೇಳಿದರೆ, ತೋರಿಸುತ್ತೇನೆ. ಅಡುಗೆ ಒಲೆ ಮೇಲಿದ್ದು ಇವರು ಮೀಟಿಂಗಿನಲ್ಲಿದ್ದರೆ ಇಪ್ಪತ್ತು ನಿಮಿಷ. ಅದಕ್ಕೆ ನಾಚಿಕೆ ಪಡೋದನ್ನು ಬಿಟ್ಟಿದ್ದೇನೆ.

ಅತ್ತೆ ಜೊತೆ ಕೊನೆಗೆ ರಾಜಿ ಆದದ್ದು ಅವರೆಕಾಳಿನ ನೆಪದಲ್ಲಿ. ಇಂಡಿಯನ್ ಅಂಗಡಿಯ ಫ್ರೋಜನ್ ಕಾಳು ತಂದು ಬಿಸಿನೀರಲ್ಲಿ ನೆನೆಸಿಟ್ಟರು, ಮೊಮ್ಮಗನನ್ನು ಮುಂದೆ ಕೂರಿಸಿಕೊಂಡು ಹಿದುಕೋದು ಕಲಿಸಿದರು. ಪುಚಕ್ ಅಂತ ಬೇಳೆ ಹಾರಿದಾಗೆಲ್ಲ ಬಿದ್ದು ಬಿದ್ದು ನಗು. ಬಾಯಿಗೆ ಹಾಕಿಕೊಂಡು ಗಂಟಲಿಗೆ ಸಿಕ್ಕಿಸಿಕೊಳ್ಳದ ಹಾಗೆ ನಾನು ಕಾವಲು. ಮುಕ್ಕಾಲು ಗಂಟೆ! ನನ್ನ ಕಾಮನಬಿಲ್ಲು ಅಕ್ಕಿಯ ಕತೆಯನ್ನು ಅವರು ಆಗಲೇ ಎತ್ತಬೇಕಿತ್ತಾ.

ಸಂಕ್ರಾಂತಿಗೆ ಮಗುವಿನ ತಲೆ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಕಾಸು ಎರೆಯಬೇಕು ಅಂತ ಅತ್ತೆ ಹಟ ಹಿಡಿದರು. ಎಲಚಿ ಹಣ್ಣು ನಮಗೆ ಸಿಗಲಿಲ್ಲ. ಪಾಪ್‌ಕಾರ್ನ್ ಅಂದರು ಇವರು, ಈ ವಯಸ್ಸಿಗೆ ಅದು ಗಂಟಲಿಗೆ ಅಪಾಯ, ಬೇಡ ಅಂದೆ. ಕೊನೆಗೆ ಮಂಡಕ್ಕಿ, ಸೇವಂತಿಗೆ ಎಸಳು. ಹೊರಗೆ ಮೈನಸ್ 20, ಒಳಗೆ ಜರಿ ಅಂಗಿ ಹಾಕಿಕೊಂಡು ಕೂತವನ ತಲೆ ಮೇಲೆ ಅತ್ತೆ ಒಂದು ಸೇರು ಸುರಿದರು. ಅವನು ಒಂದು ಕ್ಷಣ ದಂಗಾಗಿ ಕೂತ. ಆಮೇಲೆ ಎದ್ದು ಅಡುಗೆಮನೆಯಿಂದ ಚೊಂಬು ತಂದು, ನೆಲದ ಮೇಲಿದ್ದದ್ದನ್ನೆಲ್ಲ ಬಾಚಿ ಬಾಚಿ ತುಂಬಿ, ಅಜ್ಜಿಯ ತಲೆ ಮೇಲೆ ಸುರಿದ. ಮತ್ತೆ ಬಾಚಿದ, ಅಕ್ಕನ ತಲೆ ಮೇಲೆ ಸುರಿದ. ಅವತ್ತು ಸಂಜೆ ಎಷ್ಟು ಸಲ ಬಗ್ಗಿ ಎದ್ದನೋ. ಏಳೂವರೆಗೆಲ್ಲ ಚೊಂಬು ತಬ್ಬಿಕೊಂಡು ನಿದ್ದೆ. ಸೋಫಾ ಕೆಳಗೆ ಮಾರ್ಚ್ ತನಕ ಮಂಡಕ್ಕಿ ಸಿಗುತ್ತಿತ್ತು.