ಬೋಲ್ಟ್ ಬಿಚ್ಚಿ ಪಕ್ಕಕ್ಕಿಡಿ

ವಾಹನ ರಿಪೇರಿಯ ಕೈಪಿಡಿ ಬರೆಯುವವರಷ್ಟು ಸುಖಿಗಳು ಭೂಮಿಯ ಮೇಲೆ ಯಾರೂ ಇಲ್ಲ. ಅವರ ಲೋಕದಲ್ಲಿ ಮಳೆ ಬರುವುದಿಲ್ಲ, ಕೆಸರು ಹಾರುವುದಿಲ್ಲ, ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ. "ಕ್ಯಾಲಿಪರ್‌ನ ಎರಡು ಬೋಲ್ಟ್ ಬಿಚ್ಚಿ ಪಕ್ಕಕ್ಕಿಡಿ" ಎಂದು (ಕ್ಯಾಲಿಪರ್ ಎಂದರೆ ಚಕ್ರದ ಬಳಿ ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ಬರೆದು ಆರಾಮಾಗಿ ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಆ ಸಾಲಿಗೂ ಮುಂದಿನ ಸಾಲಿಗೂ ನಡುವೆ ಓದುಗನ ಇಡೀ ಭಾನುವಾರ, ಬೆರಳ ಗೆಣ್ಣಿನ ಚರ್ಮ, ಮನೆಯವರ ಮುಂದೆ ಉಳಿದಿದ್ದ ಚೂರುಪಾರು ಮರ್ಯಾದೆ ಎಲ್ಲ ಹೋಗಿರುತ್ತದೆ.

ವಿಡಿಯೊ ಮಾಡುವವರು ಇನ್ನೂ ಒಂದು ಕೈ ಮೇಲೆ. ಹದಿನೈದೇ ನಿಮಿಷದಲ್ಲಿ ಬ್ರೇಕ್ ಪ್ಯಾಡ್ ನೀವೇ ಬದಲಿಸಿ ಅನ್ನುತ್ತಾರೆ. ಕೈಗೆ ಹೊಸ ಗ್ಲೌಸು, ಹಿಂದೆ ಸಣ್ಣಗೆ ಸಂಗೀತ. ಸ್ಪ್ಯಾನರ್ ತಾಗಿಸಿದ್ದೇ ತಡ, ಬೋಲ್ಟು ಕಿರುಬೆರಳಿಗೇ ತಿರುಗಿ ಹೊರಗೆ ಬರುತ್ತದೆ. ಸ್ವಲ್ಪ ಹತ್ತಿರದಿಂದ ನೋಡಿದರೆ ಅದರ ಸುತ್ತ ಎಣ್ಣೆ ಹೊಳೆಯುತ್ತಿರುತ್ತದೆ. ಕ್ಯಾಮೆರಾ ಬರುವ ಮೊದಲೇ ಯಾರೋ ಅದನ್ನು ಬಿಚ್ಚಿ ಮತ್ತೆ ಹಾಕಿದ್ದಾರೆ, ಅಲ್ವಾ? ಇನ್ನು ಕೆಲವು ವಿಡಿಯೊಗಳಲ್ಲಿ ಬೆಳಗಿನ ಬಿಸಿಲು ಇದ್ದಕ್ಕಿದ್ದಂತೆ ಟ್ಯೂಬ್‌ಲೈಟ್ ಬೆಳಕಾಗುತ್ತದೆ. ಅಂಗಿಯೂ ಬೇರೆ. "ಸುಲಭವಾಗಿ ಬಂತು ನೋಡಿ" ಎಂಬ ದನಿ ಮಾತ್ರ ಅದೇ. ಬಂದದ್ದೇನೋ ನಿಜ. ಯಾವಾಗ ಬಂತು ಎಂದು ಕೇಳಬಾರದು.

ಬೋಲ್ಟನ್ನು ಬೈಯುವುದು ಅನ್ಯಾಯ. ಕಬ್ಬಿಣ ತುಕ್ಕಾದಾಗ ಮೊದಲಿದ್ದದ್ದರ ಎರಡು ಪಟ್ಟಿಗಿಂತ ಜಾಸ್ತಿ ಜಾಗ ಬೇಡುತ್ತದೆ. ಬೋಲ್ಟಿನ ಸುರುಳಿ ಗೆರೆಯ, ಅಂದರೆ ಥ್ರೆಡ್ಡಿನ ಸಂದಿಯಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಅದು ಎರಡೂ ಕಡೆಗೆ ಒತ್ತಿಕೊಂಡು ಕೂರುತ್ತದೆ. ಇದರ ಮೇಲೆ ನಮ್ಮ ವಿನ್ಯಾಸಕಾರರ ಬುದ್ಧಿವಂತಿಕೆ. ಅಲ್ಯೂಮಿನಿಯಂ ಎಂಜಿನ್ನಿಗೆ ಉಕ್ಕಿನ ಬೋಲ್ಟು ಹಾಕುತ್ತಾರೆ. ಎರಡು ಬೇರೆ ಬೇರೆ ಲೋಹ, ನಡುವೆ ಸ್ವಲ್ಪ ಉಪ್ಪುನೀರು. ಶಾಲೆಯ ಪಾಠದಲ್ಲಿ ಇದಕ್ಕೆ ಬ್ಯಾಟರಿ ಅನ್ನುತ್ತಿದ್ದರು. ಕಂಪನಿಯ ಜಾಹೀರಾತಿನಲ್ಲಿ ಹಗುರ ಎಂಜಿನ್ ಅನ್ನುತ್ತಾರೆ.

ಬ್ರೇಕಿನ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಯಲು ಇರುವ ಬ್ಲೀಡರ್ ಸ್ಕ್ರೂ ನೋಡಿ. ಚಕ್ರದ ಪಕ್ಕದಲ್ಲೇ, ನೀರು ಕೆಸರು ಸಿಡಿಯುವ ಜಾಗದಲ್ಲೇ ಅದರ ವಾಸ. ಗಾತ್ರ ಸಣ್ಣದು, ಸಾಲದ್ದಕ್ಕೆ ಒಳಗೆ ಟೊಳ್ಳು. ಮುರಿಯಲಿ ಅಂತಲೇ ಕೂತು ಯೋಚಿಸಿದರೂ ಇದಕ್ಕಿಂತ ಒಳ್ಳೆಯ ವಿನ್ಯಾಸ ಹೊಳೆಯಲಿಕ್ಕಿಲ್ಲ.

ಕೈಪಿಡಿಯಲ್ಲಿ ಬಿಗಿಯುವ ಲೆಕ್ಕ ಮಾತ್ರ ಕರಾರುವಾಕ್ಕು. 6 ಮಿಲಿಮೀಟರ್ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). ಬಿಚ್ಚಲು ಎಷ್ಟು ಬಲ ಬೇಕು ಎಂಬ ಕಾಲಂ ಯಾವ ಪುಟದಲ್ಲೂ ಇಲ್ಲ. ಇದ್ದಿದ್ದರೆ ಅಲ್ಲಿ "ಒಬ್ಬ ಆಳು, ಸ್ಪ್ಯಾನರ್ ಹಿಡಿಗೆ ತೊಡಿಸಲು ಒಂದು ಉದ್ದನೆಯ ಪೈಪು, ಮಕ್ಕಳು ಕೇಳಬಾರದ ನಾಲ್ಕು ಮಾತು" ಎಂದು ಬರೆಯಬೇಕಿತ್ತು. ಬೋಲ್ಟಿನ ತಲೆಯ ಮೇಲೆ 8.8 ಎಂದು ಕೆತ್ತಿರುತ್ತಾರಲ್ಲ, ಅದು ಸುಮ್ನೆ ಅಲಂಕಾರವಲ್ಲ. ಮೊದಲ 8 ಎಂದರೆ ತುಂಡಾಗುವ ಮುನ್ನ 800 ಮೆಗಾಪ್ಯಾಸ್ಕಲ್ ಎಳೆತ ತಡೆಯುತ್ತದೆ ಎಂದು. ಎರಡನೆಯದು, ಅದರ ಶೇಕಡಾ 80ರಲ್ಲೇ ಶಾಶ್ವತವಾಗಿ ಹಿಗ್ಗಿಬಿಡುತ್ತದೆ ಎಂದು. ಇಷ್ಟು ಒಳ್ಳೆಯ ಎಚ್ಚರಿಕೆಯನ್ನು ತಲೆಯ ಮೇಲೇ ಬರೆದಿದ್ದಾರೆ. ತುಕ್ಕು ಮೊದಲು ತಿನ್ನುವುದೂ ಅದನ್ನೇ.

ಇನ್ನು ಸ್ಪ್ರೇ ಡಬ್ಬದ ಭಕ್ತರು. ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದ ರಾಕೆಟ್ ಕೆಮಿಕಲ್ ಕಂಪನಿಯಲ್ಲಿ. ನೀರನ್ನು ಓಡಿಸಿ ಲೋಹವನ್ನು ಕಾಪಾಡುವುದು ಅದರ ಕೆಲಸ. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಬಾರದಿರಲಿ ಎಂದು ಬಳಿದಿದ್ದರು. ಬಾರದಿರಲಿ ಎಂದು. ನಾವು ತುಕ್ಕು ಬಂದು, ಮದುವೆಯಾಗಿ, ಸಂಸಾರ ಹೂಡಿದ ಮೇಲೆ ಅರ್ಧ ಡಬ್ಬ ಹೊಡೆಯುತ್ತೇವೆ. ಎರಡು ನಿಮಿಷ ಕಾಯುತ್ತೇವೆ. ಆಮೇಲೆ ಪೈಪು ಹಾಕಿ ಎಳೆಯುತ್ತೇವೆ. ಸಂದಿಗೆ ಇಳಿಯಲೆಂದೇ ಮಾಡಿದ ಎಣ್ಣೆಗೂ ಒಂದು ರಾತ್ರಿಯಾದರೂ ಬಿಡುವು ಬೇಕು. ಹತ್ತು ವರ್ಷ ಕೂತಿದ್ದ ತುಕ್ಕನ್ನು ಎರಡು ನಿಮಿಷದಲ್ಲಿ ಎಬ್ಬಿಸಲು ಹೊರಡುವವರಿಗೆ ಒಂದು ರಾತ್ರಿ ಎಂದರೆ ಮಾತ್ರ ತುಂಬಾ ದೊಡ್ಡದು.

ಬೋಲ್ಟು ಸಿಕ್ಕಿಕೊಂಡ ಸುದ್ದಿ ಹೇಗೋ ಹರಡಿ ಸಲಹೆಗಾರರು ನೆರೆಯುತ್ತಾರೆ. ಒಬ್ಬರು ಬಿಸಿ ಮಾಡಿ ಅನ್ನುತ್ತಾರೆ. ಇನ್ನೊಬ್ಬರು ತಣ್ಣಗೆ ಮಾಡಿ ಅನ್ನುತ್ತಾರೆ. ಇಬ್ಬರೂ ಜಗಳಕ್ಕೆ ಬೀಳುತ್ತಾರೆ. ತಮಾಷೆ ಏನೆಂದರೆ ಇಬ್ಬರ ಮಾತೂ ಸರಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಸುತ್ತಲಿನ ಅಲ್ಯೂಮಿನಿಯಂ ಕಾಯಿಸಿದರೂ ಹಿಡಿತ ಸಡಿಲ, ಬೋಲ್ಟನ್ನು ಮಾತ್ರ ತಣ್ಣಗೆ ಮಾಡಿದರೂ ಸಡಿಲ. ಪಕ್ಕದಲ್ಲಿ ಪೆಟ್ರೋಲ್ ಪೈಪು ಇದೆಯಾ ನೋಡಿ ಎಂದು ಹೇಳುವವನು ಮಾತ್ರ ಆ ಗುಂಪಿನಲ್ಲಿ ಇರುವುದಿಲ್ಲ. ಬಿಚ್ಚುವ ಮುಂಚೆ ಒಂಚೂರು ಬಿಗಿಯುವ ಕಡೆಗೇ ತಿರುಗಿಸಿ, ತುಕ್ಕಿನ ಹಿಡಿತ ಒಡೆದ ಮೇಲೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ ಎನ್ನುವವನೂ ಇರುವುದಿಲ್ಲ. ಅವನು ಬರುವುದು ತಲೆ ತುಂಡಾದ ಮೇಲೆ. "ಮೊದಲೇ ನನ್ನ ಕೇಳಬೇಕಿತ್ತು" ಎಂದು ಶುರುಮಾಡುತ್ತಾನೆ. ಹನ್ನೆರಡು ಮೂಲೆಯ ಸಾಕೆಟ್ (ಬೋಲ್ಟಿನ ತಲೆಗೆ ತೊಡಿಸಿ ತಿರುಗಿಸುವ ಬಟ್ಟಲು) ಹಾಕಿದರೆ ತಲೆಯ ಮೂಲೆ ಸವೆದು ರೌಂಡ್ ಆಗುತ್ತದೆ, ಆರು ಮೂಲೆಯದೇ ಹಾಕಬೇಕು ಎಂಬ ಸತ್ಯವೂ ತಲೆ ರೌಂಡ್ ಆದ ಮೇಲೆಯೇ ಬೆಳಕಿಗೆ ಬರುವುದು.

ತುಂಡಾಯಿತು ಅನ್ನಿ. ಚಿಂತೆ ಯಾಕೆ, ಅಂಗಡಿಯಲ್ಲಿ ಎಕ್ಸ್‌ಟ್ರಾಕ್ಟರ್ ಇದೆ. ಮುರಿದ ಬೋಲ್ಟಿಗೆ ನಡುಮಧ್ಯದಲ್ಲಿ ತೂತು ಕೊರೆದು, ಇದನ್ನು ಒಳಗಿಟ್ಟು ಎಡಕ್ಕೆ ತಿರುಗಿಸಿದರೆ ಬಂದೇಬಿಡುತ್ತದೆ ಎಂದು ಪೆಟ್ಟಿಗೆಯ ಮೇಲಿನ ಚಿತ್ರ ಆಣೆ ಮಾಡುತ್ತದೆ. ಪೂರ್ತಿ ಬೋಲ್ಟೇ ಉದ್ದನೆಯ ಪೈಪಿಗೆ ಮಣಿಯದ್ದನ್ನು ಕಂಡವನಿಗೆ, ಅದರ ಹೊಟ್ಟೆಗೆ ತೂರಿಸಿದ ಪೆನ್ಸಿಲ್ ಗಾತ್ರದ ಕಡ್ಡಿಗೆ ಅದು ಮಣಿಯುತ್ತದೆ ಎಂದು ನಂಬುವುದೇ ಒಂದು ಸಮಾಧಾನ. ಎಕ್ಸ್‌ಟ್ರಾಕ್ಟರ್ ಗಟ್ಟಿ ಉಕ್ಕು. ಗಟ್ಟಿ ಇರುವುದರಿಂದಲೇ ಬಾಗುವುದಿಲ್ಲ, ಟಕ್ಕನೆ ಮುರಿಯುತ್ತದೆ. ಮುರಿದ ಚೂರನ್ನು ಸಾದಾ ಡ್ರಿಲ್ ಬಿಟ್ ಮುಟ್ಟಲೂ ಆರದು, ಅದಕ್ಕಿಂತ ಗಟ್ಟಿಯಾದ ಕಾರ್ಬೈಡ್ ಬಿಟ್ಟೇ ಬೇಕು. ದೆವ್ವ ಬಿಡಿಸಲು ಬಂದ ಮಂತ್ರವಾದಿಯೇ ಅದೇ ಮನೆಯಲ್ಲಿ ದೆವ್ವವಾಗಿ ಉಳಿದುಕೊಂಡ ಹಾಗೆ. ಮುರಿದ ತುದಿಗೊಂದು ನಟ್ ವೆಲ್ಡ್ ಮಾಡಿಸಿದ್ದರೆ, ಆ ಬಿಸಿಗೇ ಎಷ್ಟೋ ಸಲ ಬಂದುಬಿಡುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಚಿತ್ರ ಬಿಡಿಸಿಸಿ ಮಾರುವಂಥದ್ದು ಅದರಲ್ಲಿ ಏನೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ಕೈಪಿಡಿಯ ಆ ಪ್ರಖ್ಯಾತ ಸಾಲು ಬರುತ್ತದೆ: "ಜೋಡಿಸುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಿ." ಆಗಲಿ. ಮೊದಲು ಎಕ್ಸ್‌ಟ್ರಾಕ್ಟರ್ ಚೂರನ್ನು ತೂತಿನೊಳಗೆ ಇಡಬೇಕು. ಆಮೇಲೆ ತೂತು ಮುಚ್ಚಬೇಕು. ಬೋಲ್ಟಿನ ತಲೆಯನ್ನು ಮೂಲೆಯಿಂದ ಹುಡುಕಿ ತಂದು ಅದರ ಕತ್ತಿನ ಮೇಲೆ ಕೂರಿಸಬೇಕು. ಸ್ಪ್ರೇಯನ್ನು ಡಬ್ಬಕ್ಕೆ ವಾಪಸ್ ತುಂಬಬೇಕು. ಸಲಹೆಗಾರರನ್ನು ಅವರವರ ಮನೆಗೆ ಕಳಿಸಬೇಕು. ಕೊನೆಗೆ ದಪ್ಪಕ್ಷರದಲ್ಲಿ, ಚೌಕದೊಳಗೆ ಒಂದು ಸೂಚನೆ: "ಹಳೆಯ ಬೋಲ್ಟನ್ನು ಯಾವುದೇ ಕಾರಣಕ್ಕೂ ಮತ್ತೆ ಬಳಸಬೇಡಿ."